ಕನ್ನಡ ವಿಕಿಪೀಡಿಯ ಲೇಖನ ಚೆನ್ನಾಗಿದೆಯೋ ಇಲ್ಲವೋ ಅಂತ ಮಕ್ಕಳು ಪರಿಶೀಲಿಸೋದು ಹೇಗೆ?

ಹೊಳೆಬಾಗಿಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಬಿ.ಎ. ಎರಡನೇ ವರ್ಷದವರಿಗೆ ಇಂಟರ್ನಲ್ಸ್‌ಗೆ ಮಾಮೂಲಿ ಅಸೈನ್‌ಮೆಂಟ್ ಬೇಡ ಅನ್ನಿಸಿತು. ಮಕ್ಕಳು ಇಂಟರ್ನೆಟ್ಟಿನಿಂದ ಎತ್ತಿ ಬರೆದುಕೊಂಡು ಬರುತ್ತಾರೆ, ನಾವು ಮಾರ್ಕ್ಸ್ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ಅದರ ಬದಲು, ಎಲ್ಲಿಂದ ಎತ್ತುತ್ತಾರೋ ಅದನ್ನೇ ಪರಿಶೀಲಿಸಲಿ ಅಂತ ಯೋಚನೆ. ಒಬ್ಬೊಬ್ಬರಿಗೆ ಕನ್ನಡ ವಿಕಿಪೀಡಿಯದ ಒಂದೊಂದು ಲೇಖನ. ಅದನ್ನು ನಂಬಬಹುದೇ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗಿದೆ ಅಂತ ಎರಡು ಪುಟ ಬರೆಯಬೇಕು. ವಿಷಯಗಳು ಹೆಚ್ಚಿನವು ನಮ್ಮ ಸುತ್ತಮುತ್ತಲಿನವೇ. ಜೋಗ, ಇಕ್ಕೇರಿ, ಕೆಳದಿ ಚೆನ್ನಮ್ಮ, ತಾಳಗುಂದ, ಲಿಂಗನಮಕ್ಕಿ. ಜೊತೆಗೆ ಪಠ್ಯದಲ್ಲಿರುವ ಹಲ್ಮಿಡಿ ಶಾಸನ.

ಪ್ರಯೋಗಕ್ಕೆ ಅಂತ ಕೆಲವರಿಂದ ಮೊದಲೇ ಬರೆಸಿದೆ. ಬಂದದ್ದೆಲ್ಲ ಒಂದೇ ಥರ. "ಲೇಖನ ದೀರ್ಘವಾಗಿದೆ, ಉಲ್ಲೇಖಗಳು ಬೇಕಾದಷ್ಟಿವೆ, ಚಿತ್ರಗಳೂ ಇವೆ, ಆದ್ದರಿಂದ ಉತ್ತಮ." ಇಲ್ಲವಾದರೆ, "ಲೇಖನ ಚಿಕ್ಕದಾಗಿದೆ, ಆದ್ದರಿಂದ ಕಳಪೆ." ಮಕ್ಕಳನ್ನು ದೂರುವುದಿಲ್ಲ. ಏನನ್ನು ನೋಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಲ್ವಾ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳಿಗೆ ದರ್ಜೆ ಕೊಡುತ್ತಾರೆ. ಚುಟುಕಿನಿಂದ ಶುರುವಾಗಿ ಸಿ, ಬಿ, 'ಗುಡ್ ಆರ್ಟಿಕಲ್', 'ಫೀಚರ್ಡ್ ಆರ್ಟಿಕಲ್' ತನಕ ಹೋಗುತ್ತದೆ. ಆ ಅಳತೆಯನ್ನೇ ಕನ್ನಡಕ್ಕೂ ಇಟ್ಟುಕೊಂಡು ಮಾರ್ಕ್ಸ್ ಹಂಚಬಹುದೇ? ಅಥವಾ ಬೇರೆ ದಾರಿ ಇದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಕೋಡುಗಲ್ಲು

ಮೇಡಂ, ತುಂಬಾ ಒಳ್ಳೆಯ ಯೋಚನೆ. ನಾನು ಸಾಫ್ಟ್‌ವೇರ್ ಕೆಲಸದವನು. ವಿಕಿಪೀಡಿಯದಲ್ಲಿ ಬರೆದವನಲ್ಲ, ದಿನಾ ಓದುವವನು.

ಲೇಖನದ ಗುಣಮಟ್ಟ ಅಂದಾಜು ಮಾಡುವ ಯಂತ್ರಗಳೇ ಇವೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯವರು 2015ರಲ್ಲಿ 'ಓರೆಸ್' ಅಂತ ಒಂದನ್ನು ತಂದರು. ಇಂಗ್ಲಿಷ್ ಲೇಖನ ಕೊಟ್ಟರೆ ಅದು ಚುಟುಕೋ, ಬಿ ದರ್ಜೆಯೋ, ಫೀಚರ್ಡ್ ಮಟ್ಟದ್ದೋ ಅಂತ ಹೇಳುತ್ತಿತ್ತು. ಅದು ಏನೇನು ಎಣಿಸುತ್ತಿತ್ತೋ ಅದನ್ನೇ ಮಕ್ಕಳೂ ಎಣಿಸಬಹುದು. ಉದ್ದ ಎಷ್ಟು, ಉಲ್ಲೇಖ ಎಷ್ಟು, ತಲೆಬರಹ ಎಷ್ಟು, ಚಿತ್ರ ಎಷ್ಟು. ನಲವತ್ತು ಪೇಪರ್ ತಿದ್ದುವ ಕಷ್ಟ ನಿಮಗೂ ಕಮ್ಮಿ ಆಗುತ್ತದೆ.

ಇನ್ನು ನಂಬಿಕೆಯ ವಿಷಯ. 'ನೇಚರ್' ಪತ್ರಿಕೆ 2005ರಲ್ಲೇ ಬ್ರಿಟಾನಿಕಾ ವಿಶ್ವಕೋಶದ ಜೊತೆ ಹೋಲಿಸಿ ನೋಡಿ, ವಿಕಿಪೀಡಿಯ ಹೆಚ್ಚುಕಮ್ಮಿ ಅದರ ಹತ್ತಿರ ಇದೆ ಅಂತ ಹೇಳಿದೆ. ಹಾಗಾಗಿ ಜಾಸ್ತಿ ಅನುಮಾನ ಪಡುವ ಅಗತ್ಯ ಇಲ್ಲ ಅನ್ನಿಸುತ್ತದೆ.

ಪಡುಗಾಳಿ

ಹೊಳೆಬಾಗಿಲು ಮೇಡಂ, ನಾನು ಉಡುಪಿ ಕಡೆಯವನು, ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವನು. ಕನ್ನಡ ವಿಕಿಪೀಡಿಯದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. 2016ರಲ್ಲಿ ತುಳು ವಿಕಿಪೀಡಿಯ ಬಂದ ಮೇಲೆ ಅಲ್ಲೂ ಅಷ್ಟಿಷ್ಟು ಮಾಡುತ್ತೇನೆ. ಹೊಸತು ಬರೆಯುವುದಕ್ಕಿಂತ ಇದ್ದದ್ದನ್ನು ಓದಿ ತಿದ್ದುವುದೇ ನನಗೆ ಇಷ್ಟ. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ದರ್ಜೆಯ ಮಾತು. ಇಂಗ್ಲಿಷಿನ ಆ ಅಳತೆಯನ್ನು ಹಾಗೇ ತರಬೇಡಿ. ಅಲ್ಲಿ 'ಗುಡ್ ಆರ್ಟಿಕಲ್' ಅನ್ನಿಸಿಕೊಳ್ಳಬೇಕಾದರೆ, ಆ ಲೇಖನಕ್ಕೆ ಕೈ ಹಾಕದ ಒಬ್ಬರು ಕೂತು ಪೂರ್ತಿ ಓದಿರಬೇಕು. 'ಫೀಚರ್ಡ್' ಆಗಬೇಕಾದರೆ ಹಲವರು ಸೇರಿ ಸಾಲು ಸಾಲಾಗಿ ಜಾಲಾಡುತ್ತಾರೆ. ಆ ದರ್ಜೆಗೆ ಬೆಲೆ ಬಂದದ್ದು ಆ ಓದಿನಿಂದ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಲೇಖನಗಳು 30 ಸಾವಿರ ದಾಟಿವೆ. ಆದರೆ ನಿತ್ಯ ಬಂದು ತಿದ್ದುವವರು ಕಡಿಮೆ. ಎಷ್ಟೋ ಪುಟಗಳನ್ನು ಬರೆದವರನ್ನು ಬಿಟ್ಟರೆ ಇನ್ನೊಬ್ಬರು ಗಮನ ಕೊಟ್ಟು ಓದಿಯೇ ಇಲ್ಲ. ನಿಮ್ಮ ಮಕ್ಕಳು ಆ ಎರಡನೇ ಓದುಗರಾದರೆ ಅದೇ ದೊಡ್ಡ ಉಪಕಾರ. ಗ್ರೇಡ್ ಆಮೇಲೆ ಕೊಟ್ಟರಾಯಿತು.

ನಾನು ಮಾಡುವುದು ಇಷ್ಟೇ. ಲೇಖನದಲ್ಲಿ ಮುಖ್ಯ ಅನ್ನಿಸುವ ಒಂದು ವಾಕ್ಯ ಹಿಡಿಯುತ್ತೇನೆ. ಅದರ ಕೊನೆಯಲ್ಲಿರುವ ಉಲ್ಲೇಖದ ಸಂಖ್ಯೆ ಒತ್ತುತ್ತೇನೆ. ಅಲ್ಲಿ ಹೇಳಿದ ಪುಸ್ತಕವನ್ನೋ ಪತ್ರಿಕೆಯನ್ನೋ ತೆರೆಯುತ್ತೇನೆ. ಈ ವಾಕ್ಯ ಹೇಳಿದ ಮಾತು ಅಲ್ಲಿ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಮುಂದಿನ ವಾಕ್ಯ. ಉಲ್ಲೇಖ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ, ತೆರೆದರೆ ಮಾತ್ರ ಗೊತ್ತಾಗುತ್ತದೆ.

ಇತ್ತೀಚೆಗೆ ಒಂದು ದೇವಸ್ಥಾನದ ಲೇಖನ ಓದುತ್ತಿದ್ದೆ. ಊರಿನ ಹೆಸರು ಬೇಡ. ಅಡಿಟಿಪ್ಪಣಿಗಳ ಸಾಲು ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು, ಹಾಗಿತ್ತು. ಒಂದೊಂದೇ ಒತ್ತುತ್ತಾ ಹೋದೆ. ಮೊದಲ ಕೆಲವು ಒಂದೇ ಪ್ರವಾಸಿ ಜಾಲತಾಣದ ಬೇರೆ ಬೇರೆ ಪುಟಗಳು. ಅಲ್ಲಿ ರೂಮ್ ಬುಕಿಂಗ್ ಬಿಟ್ಟರೆ ದೇವಸ್ಥಾನದ ಬಗ್ಗೆ ಎರಡು ಸಾಲು. ಇನ್ನು ಕೆಲವು ಕೊಂಡಿಗಳು ಸತ್ತಿದ್ದವು. ಅವುಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹಾಕಿ ಹಳೆಯ ಪ್ರತಿ ತೆಗೆದೆ. ಒಂದು ಪತ್ರಿಕಾ ವರದಿ ಸಿಕ್ಕಿತು. ಜಾತ್ರೆಗೆ ಹೆಚ್ಚುವರಿ ಬಸ್ ಬಿಡುತ್ತಾರೆ ಅನ್ನುವ ಸುದ್ದಿ ಅದು. ಅದನ್ನು ಯಾವ ವಾಕ್ಯಕ್ಕೆ ಅಂಟಿಸಿದ್ದರು ಗೊತ್ತಾ? ದೇವಸ್ಥಾನ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು ಅನ್ನುವುದಕ್ಕೆ. ವರದಿಯಲ್ಲಿ ಕಾಲದ ಮಾತೇ ಇರಲಿಲ್ಲ. ಕೊನೆಯ ಉಲ್ಲೇಖ ಒಂದು ಬ್ಲಾಗ್. ಅದರಲ್ಲಿದ್ದದ್ದು ಇದೇ ಲೇಖನದಿಂದ ಎತ್ತಿಕೊಂಡ ಬರಹ, ಕಾಗುಣಿತದ ತಪ್ಪುಗಳ ಸಮೇತ.

ಹೀಗೆ ತನ್ನ ಮಾತಿಗೆ ತಾನೇ ಸಾಕ್ಷಿಯಾಗುವುದು ಇದೆಯಲ್ಲ, ಇದು ಬಹಳ ಅಪಾಯ. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೋಆಟಿ ಅನ್ನುವ ಪ್ರಾಣಿಗೆ 'ಬ್ರೆಜಿಲಿಯನ್ ಆರ್ಡ್‌ವಾರ್ಕ್' ಅಂತಲೂ ಕರೆಯುತ್ತಾರೆ ಅಂತ ಸೇರಿಸಿದ. ಆ ಹೆಸರು ಅವನೇ ಕಟ್ಟಿದ್ದು. ಯಾರೂ ತೆಗೆಯಲಿಲ್ಲ. ಪತ್ರಿಕೆಗಳು ಅದನ್ನು ಬಳಸಿದವು. ಆಮೇಲೆ ವಿಕಿಪೀಡಿಯದಲ್ಲಿ ಆ ಹೆಸರಿಗೆ ಆ ಪತ್ರಿಕೆಗಳೇ ಆಧಾರವಾದವು. 2014ರಲ್ಲಿ ವಿಷಯ ಹೊರಗೆ ಬರುವ ತನಕ ಹೀಗೇ ನಡೆಯಿತು. ಆದ್ದರಿಂದ ಮಕ್ಕಳಿಗೆ ಪುಟದ ಮೇಲಿರುವ 'ಇತಿಹಾಸ' ತೆರೆಯುವುದನ್ನು ಮೊದಲ ದಿನವೇ ತೋರಿಸಿ. ಯಾವ ವಾಕ್ಯ ಯಾವ ದಿನ ಸೇರಿತು ಅಂತ ಅಲ್ಲಿ ಸಿಗುತ್ತದೆ. ಆಧಾರ ಅಂತ ಕೊಟ್ಟ ಬರಹ ಅದಕ್ಕಿಂತ ಈಚಿನದಾದರೆ ಸಂಶಯ ಪಡಲೇಬೇಕು.

ಈಗ ನಿಮ್ಮ ಪಟ್ಟಿಗೆ ಬರೋಣ. ಜೋಗದ ಬಗ್ಗೆ ಯಾವ ಭಾಷೆಯಲ್ಲಿ ಓದಿದರೂ "ಭಾರತದಲ್ಲೇ ಅತಿ ಎತ್ತರದ" ಅಥವಾ "ಎರಡನೇ ಎತ್ತರದ" ಅನ್ನುವ ಮಾತು ಎದುರಾಗುತ್ತದೆ. 253 ಮೀಟರ್, ಅಂದರೆ 830 ಅಡಿ ಅನ್ನುವುದು ಸರಿ. ಆದರೆ ಎರಡನೆಯದು ಯಾವ ಲೆಕ್ಕದಲ್ಲಿ? ಬಂಡೆಗೆ ತಾಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಪಾತಗಳನ್ನು ಬಿಟ್ಟು, ಒಂದೇ ಸಲ ಧುಮುಕುವುದನ್ನು ಮಾತ್ರ ಲೆಕ್ಕ ಹಿಡಿದರೆ ಮೇಘಾಲಯದ ನೊಹ್ಕಲಿಕೈ 340 ಮೀಟರ್, ಅದರ ನಂತರ ಜೋಗ ಅನ್ನುತ್ತಾರೆ. ಎಲ್ಲ ಥರದವನ್ನೂ ಸೇರಿಸಿದ ಪಟ್ಟಿಗಳಲ್ಲಿ ನಿಮ್ಮದೇ ಜಿಲ್ಲೆಯ ಕುಂಚಿಕಲ್‌ಗೆ 455 ಮೀಟರ್ ಅಂತ ಬರೆದಿರುತ್ತಾರೆ, ಅದರ ಬಗ್ಗೆಯೂ ತಕರಾರಿದೆ. ಅಂದರೆ ಮೂಲದಲ್ಲಿದ್ದ ಒಂದು ಷರತ್ತು ಕೈಯಿಂದ ಕೈಗೆ ದಾಟುವಾಗ ಬಿದ್ದುಹೋಗಿದೆ. ಆ ಷರತ್ತನ್ನು ಹುಡುಕಿ ವಾಪಸ್ ತಂದ ವಿದ್ಯಾರ್ಥಿಗೆ ಪೂರ್ತಿ ಮಾರ್ಕ್ಸ್ ಕೊಡಿ.

ಹಲ್ಮಿಡಿಯದು ಇನ್ನೂ ಚೆನ್ನಾದ ಪಾಠ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನಲ್ಲಿ ಗುರುತಿಸಿದ 16 ಸಾಲಿನ ಶಾಸನ. ಎಲ್ಲರೂ "ಕ್ರಿ.ಶ. 450" ಅಂತ ಬರೆದುಬಿಡುತ್ತಾರೆ. ಆದರೆ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿ ನೋಡಿ, ಒಳಗೆ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಮಾಡಿದ ನಿರ್ಣಯ ಅದು. ಅದಕ್ಕಿಂತ ಈಚಿನದು ಅಂದವರೂ ಇದ್ದಾರೆ. ಒಳ್ಳೆಯ ಲೇಖನವಾದರೆ "ಸುಮಾರು 450 ಅಂತ ಇಂಥವರು ಅಭಿಪ್ರಾಯಪಟ್ಟಿದ್ದಾರೆ" ಅಂತ ಹೇಳಬೇಕು. ಹಾಗೆಯೇ 2013ರ ಉತ್ಖನನದಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಸಿಕ್ಕ ಸಿಂಹಕಟಾಂಜನ (ಮೆಟ್ಟಿಲ ಪಕ್ಕದ ಸಿಂಹದ ಕೈಪಿಡಿಗಲ್ಲು) ಶಾಸನ ಕ್ರಿ.ಶ. 370ರದ್ದು ಅನ್ನುವ ವಾದ ಇದೆ. ತಾಳಗುಂದದ ಪುಟ "ಕನ್ನಡದ ಮೊದಲ ಶಾಸನ ಇದೇ" ಅಂದು, ಹಲ್ಮಿಡಿಯ ಪುಟವೂ "ಮೊದಲನೆಯದು ಇದೇ" ಅಂದರೆ ಓದುವವರು ಏನು ಮಾಡಬೇಕು? ಇಬ್ಬರು ಮಕ್ಕಳಿಗೆ ಈ ಎರಡು ಪುಟ ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ಓದುವಂತೆ ಮಾಡಿ. ತಟಸ್ಥ ದೃಷ್ಟಿಕೋನ ಅಂತ ವಿಕಿಪೀಡಿಯದ ನಿಯಮ ಹೇಳುತ್ತದಲ್ಲ, ಅದು ಆಗ ಅರ್ಥವಾಗುತ್ತದೆ.

ಕೆಳದಿ ಚೆನ್ನಮ್ಮನ ಬಗ್ಗೆ ಒಂದೇ ಮಾತು. ಚಿತ್ರ ನೋಡಿ. ಕುದುರೆ ಮೇಲೆ ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮನ ಚಿತ್ರವನ್ನು ಕೆಳದಿಯ ರಾಣಿಗೆ ಹಾಕುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಒಬ್ಬರು 17ನೇ ಶತಮಾನದ ಕೊನೆಯಲ್ಲಿ ಆಳಿದವರು, ಇನ್ನೊಬ್ಬರು 1824ರಲ್ಲಿ ಕಂಪನಿಯ ವಿರುದ್ಧ ಹೋರಾಡಿದವರು.

ಕೋಡುಗಲ್ಲು ಅವರೇ, ನೀವು ಹೇಳಿದ 'ನೇಚರ್' ವಿಷಯ ನಿಜ. ಆದರೆ ಆಗ ತಜ್ಞರಿಗೆ ಕೊಟ್ಟದ್ದು ವಿಜ್ಞಾನದ 42 ಲೇಖನಗಳು, ಅದೂ ಇಂಗ್ಲಿಷಿನವು. ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ನಾಲ್ಕು ತಪ್ಪು, ಬ್ರಿಟಾನಿಕಾದಲ್ಲಿ ಮೂರು. ಗಂಭೀರ ತಪ್ಪುಗಳು ಎರಡರಲ್ಲೂ ಸಮ. ಬ್ರಿಟಾನಿಕಾದವರು ಆ ಲೆಕ್ಕವನ್ನು ಒಪ್ಪಲಿಲ್ಲ ಅನ್ನುವುದು ಬೇರೆ. ಸಾವಿರಾರು ಜನ ಓದಿ ತಿದ್ದಿದ ಇಂಗ್ಲಿಷ್ ಲೇಖನಗಳ ಫಲಿತಾಂಶವನ್ನು ಕನ್ನಡದ ಪುಟಕ್ಕೆ ಹೊದಿಸಲು ಆಗುವುದಿಲ್ಲ. ಯಂತ್ರದ ಅಂದಾಜಿಗೂ ಒಂದು ಮಿತಿ ಇದೆ. ಅದು ಉಲ್ಲೇಖ ಇದೆಯಾ ಅಂತ ನೋಡುತ್ತದೆ. ಆ ಬಸ್ಸಿನ ಸುದ್ದಿಯನ್ನೂ ಒಂದು ಉಲ್ಲೇಖ ಅಂತಲೇ ಎಣಿಸುತ್ತದೆ.

ಗುಳಿಗೆ ಡಬ್ಬಿ

ಪಡುಗಾಳಿ ಸರ್ ಹೇಳಿದ್ದಕ್ಕೆ ನಂದೂ ಒಂದು ಸೇರಿಸುತ್ತೇನೆ. ನಾನು ಹಾವೇರಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಈಗ ಎಲ್ಲರೂ ಮೊಬೈಲ್‌ನಲ್ಲಿ ಓದಿಕೊಂಡೇ ಬರುತ್ತಾರೆ. ಕನ್ನಡದಲ್ಲಿ ಓದುತ್ತಾರೆ ಅನ್ನುವುದು ಸಂತೋಷದ ವಿಷಯ. ಆದರೆ ಓದಿದ್ದು ಸರಿ ಇರಬೇಕಲ್ಲ.

ಒಬ್ಬರು ತಾಯಿಗೆ ಥೈರಾಯ್ಡ್ ಮಾತ್ರೆ ಒಯ್ಯಲು ಬಂದಿದ್ದರು. ಇಂಟರ್ನೆಟ್ಟಿನ ಒಂದು ಕನ್ನಡ ಲೇಖನ ತೋರಿಸಿ, "ಇದರಲ್ಲಿ ಮಿಲಿಗ್ರಾಂ ಅಂತಿದೆ, ನೀವು ಕೊಟ್ಟದ್ದು ಕಮ್ಮಿ ಇದೆಯಲ್ಲ" ಅಂದರು. ಥೈರಾಕ್ಸಿನ್ ಮಾತ್ರೆ ಬರುವುದು 25, 50, 100 ಹೀಗೆ ಮೈಕ್ರೋಗ್ರಾಂನಲ್ಲಿ. ಮಿಲಿಗ್ರಾಂ ಅಂದರೆ ಅದರ ಸಾವಿರ ಪಟ್ಟು. ಸ್ಟ್ರಿಪ್ ಮೇಲಿನ ಅಕ್ಷರವನ್ನು ಬೆರಳಿಟ್ಟು ತೋರಿಸಿದ ಮೇಲೆ ಅವರಿಗೆ ಸಮಾಧಾನ ಆಯಿತು. ಅಂಗಡಿಗೆ ಬಂದು ಕೇಳದವರ ಗತಿ ಏನು ಅಂತ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅದೇ ಲೇಖನದಲ್ಲಿ ಇನ್ನೊಂದು ವಾಕ್ಯ ಹೀಗಿತ್ತು: "ವೈದ್ಯರ ಸಲಹೆಯ ಹೊರತು ಇದನ್ನು ನಿಲ್ಲಿಸದೆ ಇರುವುದನ್ನು ತಪ್ಪಿಸಬೇಕು." ಎರಡೆರಡು ಸಲ ಓದಿ ನೋಡಿ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ ಅಂತ ಹೇಳಲು ಹೊರಟ ವಾಕ್ಯ, ನಿಲ್ಲಿಸಿಬಿಡಿ ಅಂತ ಹೇಳುತ್ತಿದೆ. ಕಂಪ್ಯೂಟರ್ ಅನುವಾದ ಅಂತ ನೋಡಿದರೇ ಗೊತ್ತಾಗುತ್ತದೆ. ಇದನ್ನು ಪರಿಶೀಲನೆಯಲ್ಲಿ ಹೇಗೆ ಹಿಡಿಯುತ್ತೀರಿ? ಉಲ್ಲೇಖ ತೆರೆದರೆ ಅಲ್ಲಿ ಇಂಗ್ಲಿಷಿನಲ್ಲಿ ಸರಿಯಾಗೇ ಇರುತ್ತದಲ್ವಾ?

ಪಡುಗಾಳಿ

ನೀವು ಕೇಳಿದ್ದು ಬಹಳ ಮುಖ್ಯವಾದದ್ದು. ಅನುವಾದದ ಲೇಖನ ಓದುವ ರೀತಿಯೇ ಬೇರೆ.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಇದೆ. 2009ರಿಂದ ಕೆಲವು ವರ್ಷ ಗೂಗಲ್ ತನ್ನ ಅನುವಾದದ ಸಲಕರಣೆ ಕೊಟ್ಟು, ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ತರಿಸಿತು. ಕನ್ನಡಕ್ಕೂ ಬಂದವು. ಉದ್ದುದ್ದ ಲೇಖನಗಳು, ತುಂಬಾ ಅಡಿಟಿಪ್ಪಣಿಗಳು. ಓದಲು ಕೂತರೆ ಒಂದು ಪ್ಯಾರಾ ದಾಟುವುದು ಕಷ್ಟ. ತಮಿಳು, ಬಂಗಾಳಿ ಸಮುದಾಯದವರು ಗುಣಮಟ್ಟದ ಬಗ್ಗೆ ಗಟ್ಟಿಯಾಗಿ ಆಕ್ಷೇಪ ಎತ್ತಿದರು. ಈಗ ವಿಕಿಪೀಡಿಯದ ಒಳಗೇ ಇರುವ ಅನುವಾದದ ಸಲಕರಣೆ, ಯಂತ್ರ ಕೊಟ್ಟ ವಾಕ್ಯಗಳನ್ನು ತಿದ್ದದೆ ಹಾಗೇ ಬಿಟ್ಟರೆ ಎಚ್ಚರಿಕೆ ಕೊಡುತ್ತದೆ. ತೀರಾ ಜಾಸ್ತಿ ಇದ್ದರೆ ಪ್ರಕಟಿಸಲು ಬಿಡುವುದಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಪದ ಬದಲಾಯಿಸಿದರೆ ಅದನ್ನು ದಾಟಿಬಿಡಬಹುದು.

ಸಣ್ಣ ಭಾಷೆಗಳಿಗೆ ಇದು ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ನೋಡಿ. ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ವರ್ಷಗಟ್ಟಲೆ ಕೂತು ಸಾವಿರಾರು ಲೇಖನ ಬರೆದಿದ್ದ. 2020ರಲ್ಲಿ ಯಾರೋ ಓದಿ ಬೆಳಕಿಗೆ ತರುವ ತನಕ ಹಾಗೇ ಇತ್ತು. ಅಷ್ಟು ವರ್ಷ ಲೇಖನದ ಎಣಿಕೆ ಮಾತ್ರ ಏರುತ್ತಲೇ ಇತ್ತು.

ಹಾಗಾಗಿ ಮಕ್ಕಳಿಗೆ ನಾನು ಹೇಳುವುದು, ಲೇಖನದಿಂದ ಒಂದು ಪ್ಯಾರಾ ಆರಿಸಿ ಗಟ್ಟಿಯಾಗಿ ಓದಿ. ವಿಷಯ ಗೊತ್ತಿಲ್ಲದ ಗೆಳೆಯರ ಮುಂದೆ ಓದಿ, ಏನು ಅರ್ಥವಾಯಿತು ಅಂತ ಅವರ ಬಾಯಲ್ಲಿ ಹೇಳಿಸಿ. ಯಾರು, ಏನು, ಯಾವಾಗ ಅನ್ನುವುದು ಅವರಿಗೆ ಗೊತ್ತಾಗದಿದ್ದರೆ ಉಲ್ಲೇಖ ಎಷ್ಟಿದ್ದರೂ ಆ ಪ್ಯಾರಾ ಪಾಸಾಗಲಿಲ್ಲ. ಆಮೇಲೆ ಇಂಗ್ಲಿಷ್ ಪುಟ ಪಕ್ಕದಲ್ಲಿಟ್ಟು ಸಂಖ್ಯೆಗಳನ್ನು, ಬೇಡ, ಇಲ್ಲ, ಬಾರದು ಅನ್ನುವ ನಿಷೇಧಗಳನ್ನು ಒಂದೊಂದಾಗಿ ಹೋಲಿಸಿ. ಅನುವಾದದಲ್ಲಿ ಜಾಸ್ತಿ ಕೆಡುವುದು ಇವೇ. ಇನ್ನೊಂದು ವಿಷಯ. ಅನುವಾದ ಮಾಡಿದವರು ಎಷ್ಟೋ ಸಲ ಇಂಗ್ಲಿಷ್ ಪುಟದ ಉಲ್ಲೇಖಗಳನ್ನು ತೆರೆದೇ ನೋಡದೆ ಹಾಗೇ ತಂದಿರುತ್ತಾರೆ. ಅಲ್ಲಿ ತಪ್ಪಿದ್ದರೆ ಇಲ್ಲೂ ತಪ್ಪೇ.

ಔಷಧಿಯ ಪ್ರಮಾಣದ ಬಗ್ಗೆ ಹೇಳುವುದಾದರೆ, ಅದನ್ನು ತಿದ್ದುವುದಕ್ಕಿಂತ ತೆಗೆಯುವುದು ಒಳ್ಳೆಯದು. ಇಂಗ್ಲಿಷ್ ವಿಕಿಪೀಡಿಯದ ವೈದ್ಯಕೀಯ ಲೇಖನಗಳ ನಡಾವಳಿಯಲ್ಲೂ ಎಷ್ಟು ತಿನ್ನಬೇಕು ಅಂತ ಸಾಮಾನ್ಯವಾಗಿ ಬರೆಯಬೇಡಿ ಅಂತಲೇ ಇದೆ. ವಿಶ್ವಕೋಶ ಚೀಟಿ ಬರೆದುಕೊಡುವ ಜಾಗ ಅಲ್ಲ. ನೀವು ನೋಡಿದ್ದು ವಿಕಿಪೀಡಿಯದ್ದೇ ಪುಟವಾದರೆ, ಆ ಲೇಖನದ ಜೊತೆಗೇ ಇರುವ 'ಚರ್ಚೆ' ಪುಟದಲ್ಲಿ ಆ ಎರಡು ವಾಕ್ಯಗಳನ್ನು ಹಾಕಿ, ಏನು ತಪ್ಪು ಅಂತ ಬರೆಯಿರಿ. ನಿಮ್ಮಂಥ ಬಲ್ಲವರು ಬರೆದರೆ ತೆಗೆಯುವವರಿಗೆ ಧೈರ್ಯ ಬರುತ್ತದೆ. 'ಹೊಸ ಸಂಶೋಧನೆ' ಅಂತ ಪತ್ರಿಕೆಯಲ್ಲಿ ಬಂದ ಒಂದು ಸುದ್ದಿಯ ಮೇಲೆ ನಿಂತ ವಾಕ್ಯಗಳು ಕಂಡರೆ ಅವನ್ನೂ ಗುರುತು ಮಾಡಿ. ಆರೋಗ್ಯದ ವಿಷಯಕ್ಕೆ ಪಠ್ಯಪುಸ್ತಕ, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಲೇಖನ, ಇಂಥವೇ ಬೇಕು.

ಹೊಳೆಬಾಗಿಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಡುಗಾಳಿ ಸರ್, ನೀವು ಹೇಳಿದ ಹಾಗೆ 'ಇತಿಹಾಸ' ಪುಟವನ್ನು ಸ್ಟಾಫ್ ರೂಮಿನಲ್ಲಿ ಕೂತು ತೆರೆದು ನೋಡಿದೆ. ಒಂದು ಊರಿನ ಲೇಖನ ಹೇಗೆ ಬೆಳೆದು ಬಂತು ಅಂತ ತಿಂಗಳು ತಿಂಗಳಾಗಿ ಕಾಣುತ್ತದೆ. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು!

ಎರಡು ಸಂಗತಿ ಕೇಳಬೇಕಿತ್ತು. ಒಂದು, ಕೆಲವು ಲೇಖನ ತುಂಬಾ ಒಳ್ಳೆಯ ಕನ್ನಡದಲ್ಲಿವೆ, ಖಚಿತವಾಗಿವೆ, ಆದರೆ ಓದಿದರೆ ಯಾವುದೋ ಹಳೇ ಕಾಲದ್ದು ಅನ್ನಿಸುತ್ತದೆ. ಇದೇಕೆ?

ಇನ್ನೊಂದು ಕಷ್ಟದ್ದು. ಲಿಂಗನಮಕ್ಕಿ ತೆಗೆದುಕೊಂಡ ಹುಡುಗಿಯ ಅಜ್ಜಿ ಮುಳುಗಡೆಯವರು. ಮದುವೆಯಾಗಿ ಹೋದ ಊರೇ ನೀರಿನೊಳಗೆ ಹೋಯಿತು. ಅವಳು ನನ್ನ ಹತ್ತಿರ ಬಂದು ಕೇಳಿದಳು: "ಅಣೆಕಟ್ಟಿನ ಬಗ್ಗೆ ಓದಿದರೆ ಎತ್ತರ, ಉದ್ದ, ಎಷ್ಟು ಕರೆಂಟು ಅಂತೆಲ್ಲ ಸಿಗುತ್ತೆ ಮಿಸ್. ಊರು ಬಿಟ್ಟವರ ಬಗ್ಗೆ ಯಾಕೆ ಸಿಗೋದಿಲ್ಲ? ಅಜ್ಜಿ ಹೇಳಿದ್ದನ್ನು ನಾನು ಸೇರಿಸಬಹುದಾ?" ಸೇರಿಸಬಾರದು ಅನ್ನುವುದು ನಿಯಮ ಅಂತ ಗೊತ್ತು. ಆದರೆ ಹಾಗಂತ ಸುಮ್ನೆ ಹೇಳಿ ಕಳಿಸಲು ನನಗೆ ಮನಸ್ಸು ಬರುತ್ತಿಲ್ಲ.

ಪಡುಗಾಳಿ

ಮೇಡಂ, ಹಳೆಯದು ಅನ್ನಿಸುವ ಲೇಖನಗಳಲ್ಲಿ ಎಷ್ಟೋ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಿಂದ ಬಂದವು. 14 ಸಂಪುಟಗಳ ದೊಡ್ಡ ಕೆಲಸ ಅದು. ಅದನ್ನು ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿದ್ದು ಕನ್ನಡಕ್ಕೆ ಆದ ಬಹುದೊಡ್ಡ ಲಾಭ. ವಿಷಯ ಬಲ್ಲವರು ಬರೆದದ್ದು, ಭಾಷೆ ಗಟ್ಟಿ. ಆದರೆ ಎಷ್ಟೋ ಸಂಪುಟ 1970ರ ದಶಕದವು. ಗದಗ ಧಾರವಾಡ ಜಿಲ್ಲೆಯ ತಾಲ್ಲೂಕು ಅಂತ ಅದರಲ್ಲಿದ್ದರೆ ಅಂದಿಗೆ ಸರಿ. 1997ರಲ್ಲಿ ಗದಗವೇ ಜಿಲ್ಲೆಯಾಯಿತು. ಹೊಸಪೇಟೆ ಬಳ್ಳಾರಿ ಜಿಲ್ಲೆಯದ್ದು ಅಂತ ಇದ್ದರೆ ಅದೂ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ಇಂಥ ಲೇಖನ ಸಿಕ್ಕರೆ "ಈಗ", "ಇತ್ತೀಚೆಗೆ", "ಸದ್ಯ" ಅನ್ನುವ ಮಾತುಗಳನ್ನು ಹುಡುಕಿ, ಆ "ಈಗ" ಯಾವ ಕಾಲದ್ದು ಅಂತ ಕೇಳಬೇಕು. ಜನಸಂಖ್ಯೆ ಯಾವ ಜನಗಣತಿಯದ್ದು ಅಂತ ನೋಡಬೇಕು. ನಿಮ್ಮ ಪಕ್ಕದ್ದೇ ಉದಾಹರಣೆ ಬೇಕಾದರೆ, ಸಿಗಂದೂರಿಗೆ ಲಾಂಚ್ ದಾಟಿಯೇ ಹೋಗಬೇಕು ಅಂತ ಬರೆದ ಎಲ್ಲ ಪುಟಗಳೂ 2025ರ ಜುಲೈನಲ್ಲಿ ಸೇತುವೆ ತೆರೆದ ದಿನದಿಂದ ಹಳೆಯವಾದವು.

ಇನ್ನು ಆ ಹುಡುಗಿಯ ಪ್ರಶ್ನೆ. ಇಷ್ಟು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಪರಿಶೀಲನೆ ಅದು. ಅವಳಿಗೆ ಹಾಗಂತ ಹೇಳಿ. ಲೇಖನ ಸಮಗ್ರವಾಗಿದೆಯೇ ಅನ್ನುವುದು ಗುಣಮಟ್ಟದ ಒಂದು ಮುಖ್ಯ ಅಳತೆ. ಇರುವ ವಾಕ್ಯಗಳಲ್ಲಿ ತಪ್ಪು ಹುಡುಕುವುದು ಎಲ್ಲರಿಗೂ ಬರುತ್ತದೆ. ಇಲ್ಲದೇ ಇರುವುದನ್ನು ಕಾಣಲು ಆ ಊರಿನವರೇ ಬೇಕು. 1964ರಲ್ಲಿ ಮುಗಿದ ಅಣೆಕಟ್ಟಿನ ಬಗ್ಗೆ ಬರೆದು, ಅದಕ್ಕಾಗಿ ಮನೆ, ಗದ್ದೆ, ತೋಟ ಬಿಟ್ಟವರ ಬಗ್ಗೆ ಒಂದು ಪ್ಯಾರಾ ಇಲ್ಲ ಅಂದರೆ ಅದು ಅರ್ಧ ಲೇಖನ. ಅವರಲ್ಲಿ ಎಷ್ಟೋ ಜನರಿಗೆ ಕೊಟ್ಟ ಜಮೀನಿನ ಹಕ್ಕಿನ ಗೋಳು ದಶಕಗಟ್ಟಲೆ ಮುಗಿದಿಲ್ಲ ಅನ್ನುವುದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಅಜ್ಜಿ ಹೇಳಿದ್ದನ್ನು ನೇರವಾಗಿ ಲೇಖನಕ್ಕೆ ಸೇರಿಸಲು ಆಗುವುದಿಲ್ಲ, ನಿಜ. ಓದುವವರು ಅದನ್ನು ತೆರೆದು ನೋಡಲು ಬರುವುದಿಲ್ಲವಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ಅಜ್ಜಿಯ ಮಾತು ತೋರಿಸಿಕೊಡುತ್ತದೆ. ಅಜ್ಜಿ ಹೇಳಿದ ಊರಿನ ಹೆಸರು ಬರೆದುಕೊಳ್ಳಲಿ. ಆ ಹೆಸರು ಹಿಡಿದು ಶಿವಮೊಗ್ಗ ಜಿಲ್ಲೆಯ ಗೆಜೆಟಿಯರ್ ನೋಡಲಿ, ಮುಳುಗಡೆಯ ಬಗ್ಗೆ ಬಂದ ಪತ್ರಿಕಾ ವರದಿಗಳನ್ನು ಹುಡುಕಲಿ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟದಲ್ಲಿ ಸಾಗರ ತಾಲ್ಲೂಕಿನ ಶಾಸನಗಳಿವೆ. ಯಾವ ಊರಲ್ಲಿ ಯಾವ ಕಲ್ಲು ಸಿಕ್ಕಿತು ಅಂತ ಅಲ್ಲಿ ಬರೆದಿದ್ದಾರೆ. ಅಣೆಕಟ್ಟಿಗೆ ಎಷ್ಟೋ ಮೊದಲಿನ ಪುಸ್ತಕ ಅದು. ಹಳೆಯ ಹಿರೇಭಾಸ್ಕರ ಅಣೆಕಟ್ಟು ಇದೇ ನೀರಿನಲ್ಲಿ ಮುಳುಗಿ, ಹಿನ್ನೀರು ಇಳಿದಾಗ ಮತ್ತೆ ಕಾಣಿಸುತ್ತದಲ್ಲ, ಅದರ ಫೋಟೋ ಅವಳೇ ತೆಗೆದು, ವಿಕಿಪೀಡಿಯದ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಅವಳೇ ತೆಗೆದ ಚಿತ್ರಕ್ಕೆ ಯಾರ ಅಡ್ಡಿಯೂ ಇಲ್ಲ.

ಪರಿಶೀಲನೆ ನಿಮ್ಮ ಬೀರುವಿನಲ್ಲಿ ಉಳಿಯದಿರಲಿ ಅನ್ನುವುದು ನನ್ನ ಆಸೆ. ಪ್ರತಿಯೊಬ್ಬರೂ ತಮ್ಮ ಎರಡು ಪುಟದ ಸಾರವನ್ನು ಆ ಲೇಖನದ 'ಚರ್ಚೆ' ಪುಟದಲ್ಲಿ ನಾಲ್ಕೈದು ಸಾಲಿನಲ್ಲಿ ಬರೆಯಲಿ. ಇಂಥ ವಾಕ್ಯ, ಇಂಥ ಉಲ್ಲೇಖ, ತೆರೆದು ನೋಡಿದೆ, ಅದರಲ್ಲಿ ಹೀಗಿದೆ. ಅಷ್ಟು ಸಾಕು. ನಲವತ್ತು ಜನ ಒಂದೇ ದಿನ ಬಂದು ಲೇಖನಗಳನ್ನೇ ತಿದ್ದಲು ಹೊರಟರೆ ಮಾತ್ರ ನಿರ್ವಾಹಕರಿಗೆ ಗಾಬರಿಯಾಗುತ್ತದೆ. ಹಾಗಾಗಿ ಮೊದಲೇ ಕನ್ನಡ ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ 'ಅರಳಿ ಕಟ್ಟೆ' ಪುಟದಲ್ಲಿ ಒಂದು ಮಾತು ತಿಳಿಸಿಬಿಡಿ. ಅಲ್ಲಿ ಇರುವವರೆಲ್ಲ ಸಹಾಯ ಮಾಡುತ್ತಾರೆ, ನಾನೂ ಇರುತ್ತೇನೆ.

ಕೋಡುಗಲ್ಲು

ಪಡುಗಾಳಿ ಸರ್, ನಿಮ್ಮ ಉತ್ತರ ಓದಿದ ಮೇಲೆ ಜೋಗದ ಇಂಗ್ಲಿಷ್ ಪುಟದ ಉಲ್ಲೇಖಗಳನ್ನು ಒಂದೊಂದಾಗಿ ತೆರೆಯುತ್ತಾ ಕೂತಿದ್ದೆ, ಊಟದ ಹೊತ್ತು ದಾಟಿದ್ದೇ ಗೊತ್ತಾಗಲಿಲ್ಲ. ಎಣಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೇಡಂ, ಯಂತ್ರದಿಂದ ಒಂದು ಸಹಾಯ ಆಗಬಹುದು. ನಿಮ್ಮ ಮಕ್ಕಳ ಲೇಖನಗಳಲ್ಲಿ ಯಾವ ಕೊಂಡಿಗಳು ಸತ್ತಿವೆ ಅಂತ ಪಟ್ಟಿ ಮಾಡಿಕೊಡುತ್ತೇನೆ. ಹುಡುಕುವ ಹೊತ್ತು ಉಳಿಯುತ್ತದೆ, ತೆರೆದು ಓದುವುದು ಅವರೇ ಮಾಡಲಿ. ಲೇಖನಗಳ ಹೆಸರು ಇಲ್ಲೇ ಹಾಕಿ.

ಹೊಳೆಬಾಗಿಲು

ಹೆಸರುಗಳನ್ನು ನಾಳೆ ಹಾಕುತ್ತೇನೆ, ಉಪಕಾರ ಆಯಿತು. ಮಾರ್ಕ್ಸ್ ಹೀಗೆ ಹಂಚಿದ್ದೇನೆ. 20ರಲ್ಲಿ 10 ಅಂಕ ಉಲ್ಲೇಖ ತೆರೆದು ನೋಡಿದ್ದಕ್ಕೆ, 5 ಅಂಕ ಲೇಖನದಲ್ಲಿ ಏನು ಬಿಟ್ಟುಹೋಗಿದೆ ಅಂತ ತೋರಿಸಿದ್ದಕ್ಕೆ, ಉಳಿದ 5 'ಚರ್ಚೆ' ಪುಟದಲ್ಲಿ ಬರೆದದ್ದಕ್ಕೆ. ಉದ್ದಕ್ಕೆ ಅಂಕ ಇಲ್ಲ. ಗೆಜೆಟಿಯರ್ ನಮ್ಮ ಲೈಬ್ರರಿಯಲ್ಲೇ ಸಿಕ್ಕಿತು, ಹುಡುಗಿ ಮನೆಗೆ ಒಯ್ದಿದ್ದಾಳೆ. ಎಪಿಗ್ರಾಫಿಯಾದ ಎಂಟನೇ ಸಂಪುಟ ನಮ್ಮಲ್ಲಿಲ್ಲ. ಅಂತರ್ಜಾಲದಲ್ಲಿ ಅದರ ಸ್ಕ್ಯಾನ್ ಪ್ರತಿ ಎಲ್ಲಿದೆ ಅಂತ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ.